ಸೊಣ್ಣಮ್ಮ ನೋಡಿದ ಸಿನಿಮಾ

…ನಿಲ್ಲು, ಅಲ್ಲೇ ನಿಲ್ಲು! ವಸ್ಲು ದಾಟಿದ್ರೆ ನೋಡು ಮತ್ತೆ. ಏನಂದೆ? ಅತ್ತೇನಾ? ಯಾವನಿಗೋ ಅತ್ತೆ! ಇನ್ನೊಂದ್ ಸಲ ಅಂದ್ರೆ ನಾಲ್ಗೆ ಕಿತ್ತು ಬೇಲಿಗೆ ನೇತಾಕ್ತೀನಿ. ಟೆಂಟಲ್ಲಿ ಮಿಷನ್ ಆಡ್ಸೋನು ನೀನು, ಚೌರಪ್ಪ. ಆ ಟೆಂಟು ನಿಂತಿರೋ ನೆಲ ಈ ಸೊಣ್ಣಮ್ಮಂದು. ಅಷ್ಟೇ ನಮ್ಮಿಬ್ರ ನಂಟು. ಬಂದಿದ್ದೀಯ, ಪಿಕ್ಚರ್ ವಿಚಾರ ಯೋಳ್ತೀನಿ, ಕೇಳ್ಕಂಡು ಓಗು. ಬೇರೆ ಮಾತು ಬ್ಯಾಡ.

ಒಂದ್ ವಾರ ಪೂರ್ತಿ ನೋಡ್ದೆ ನಿಮ್ ಪಿಕ್ಚರ್‌ಗಳ್ನ. ಯಾಕೆ ನಗ್ತೀಯ? ನಗ್ಲಿಲ್ವಾ? ಮೀಸೆ ಅಲ್ಲಾಡ್ತಪ್ಪ, ನಂಗೂ ಕಣ್ಣೈತೆ. ದಿನಾ ಬಂದೆ, ಏನೀಗ? ನನ್ ನೆಲ, ನಂಗೆ ಟಿಕೀಟಿಲ್ಲ. ಬಾಡಿಗೆ ರೂಮಿನ ಉಡುಗ್ರು ಫ್ಯಾಕ್ಟ್ರಿ ಸೆಕೆಂಡ್ ಶಿಫ್ಟಿಗೆ ಓದ್ರೆ ಈ ಮನೆ ಬಿಕೋ ಅನ್ನುತ್ತೆ. ಗಂಡ ಇಲ್ಲ, ಮಕ್… ಯಾರಿಲ್ಲ. ಅದ್ಕೇ ಬಂದೆ. ಇಲ್ದಿದ್ರೆ ಆ ಮರಳಲ್ಲಿ ಬೀಡಿ ತುಂಡಿನ್ ಮೇಲೆ ಕುಂತ್ಕಳಕ್ಕೆ ನಂಗೇನ್ ಗ್ರಾಚಾರ!

ಮೊದ್ಲು ಆಡ್ಸಿದ್ರಲ್ಲ, ಆ ಪೊಲೀಸ್ ಪಿಕ್ಚರ್ರು. ಥೂ! ತಾಯಿಗೆ ಕಣ್ಣಿಲ್ವಂತೆ, ಮಗನ್ ಕಾಲ್ ಸದ್ದು ಕೇಳೇ ಗುರ್ತು ಇಡೀತಾಳಂತೆ. ಇಲ್ಲಿ ಕಣ್ಣಿರೋ ತಾಯಂದ್ರಿಗೇ ಮಣ್ಣೆರಚಿ ಓಗ್ತವೆ ಮಕ್ಳು! ಹೀರೋ ಓಡೋ ರೈಲಿಂದ ಕುದ್ರೆ ಮೇಲೆ ನೆಗೀತಾನೆ, ತಲೆ ಕ್ರಾಪು ಅಂಗಂಗೇ ಐತೆ. ಆ ಕೇಡಿ ಒಬ್ಬ, ಮನೇಲಿದ್ದ ಉಡ್ಗೀನ ಅನಾಮತ್ತಾಗಿ ಎತ್ತಾಕ್ಕಂಡ್ ಓಗ್ತಾನೆ… ಯಾಕೋ ತಲೆ ತಗ್ಗಿಸ್ದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ! ನಾನು ಪಿಕ್ಚರ್ ಕೇಡಿ ವಿಷ್ಯ ಯೋಳ್ತಿರೋದು.

ಆದ್ರೂ ಕೇಳ್ತೀನಿ, ನೀನೇನ್ ಕಮ್ಮಿ? ನಮ್ ವಸಂತ ನಿಮ್ ಟೆಂಟಿಗೆ ಪಿಕ್ಚರ್ ನೋಡಕ್ ಬರ್ತಿದ್ಲು. ಚರ್ಚಿಗೆ ಕರ್ಕಂಡೋಗಿ ಉಂಗ್ರ ತೊಡ್ಸಿಬಿಟ್ಟೆ. ಒಂದ್ ಮಾತು ಕೇಳ್ದಾ? ಹೆಬ್ಬಗೋಡೀಲಿ ನಮ್ಮನೆ, ಚಿಕ್ಕಬೈರಪ್ಪನ ಮನೆ ಅಂದ್ರೆ ಪಂಚಾಯ್ತಿ ಎದ್ದು ನಿಲ್ತಿತ್ತು. ಈಗ ನಲ್ಲಿ ಹತ್ರ ಓದ್ರೆ ಹೆಂಗಸ್ರು ಬಿಂದಿಗೆ ಅಡ್ಡ ಇಟ್ಕಂಡು ಪಿಸಿಪಿಸಿ ಅಂತಾರೆ. ಅವತ್ತೇ ತಲೆ ಮೇಲೆ ತಣ್ಣೀರು ಉಯ್ಕಂಡೆ. ಸತ್ಲು ನನ್ ಪಾಲಿಗೆ. ಊರಿಗೆಲ್ಲ ಕೇಳೋ ಅಂಗೆ ಯೋಳಿದ್ದೀನಿ.

ಬಿಡು. ಪಿಕ್ಚರ್ ವಿಷ್ಯಕ್ ಬಾ. ಬುಧವಾರ ಆಡ್ಸಿದ್ರಲ್ಲ ದೇವ್ರ ಪಿಕ್ಚರ್ರು, ಅದನ್ ನೋಡಿ ಮೈಯೆಲ್ಲ ಉರ್ದೋಯ್ತು ನಂಗೆ. ಸುತ್ತ ಬೆಂಕಿ ಧಗಧಗ ಅಂತೈತೆ, ಆ ಹೀರೋಯಿನ್ನು ನಿಂತ್ಕಂಡು ಹಾಡು ಯೋಳ್ತಾವ್ಳೆ. ಹಾಡೋದ್ ಬಿಟ್ಟು ಓಡೇ ಮುಂಡೆ ಅಂತ ಕೂಗ್ದೆ. ಅಷ್ಟರಲ್ಲಿ ದೇವಿ ಬಂದ್ಲು ಅಂತ ಈ ಅಂಜನಮ್ಮ, ಲಕ್ಷ್ಮಮ್ಮ ಎಲ್ಲ ಆರತಿ ತಟ್ಟೆ ಇಡ್ಕಂಡು ಪರದೆ ಹತ್ರ ನುಗ್ಗಿದ್ರು. ನುಗ್ಗೋದು ಅಂದ್ರೆ ಎಂಗೆ? ದನ ನುಗ್ಗಿದಂಗೆ! ತುಂಬಿದ್ ಬಸ್ರಿ ಕಂಬ ಇಡ್ಕಂಡು ಎದ್ದು ನಿಲ್ತಾವ್ಳೆ, ಯಾವಳಿಗಾದ್ರೂ ದಾರಿ ಬಿಡೋ ಬುದ್ಧಿ ಐತಾ? ಮೊಣಕೈ ತಗುಲಿದ್ರೆ? ಕಾಲು ಜಾರಿದ್ರೆ?

ಯಾರು ಅಂದ್ರೆ? ಯಾರೋ ಒಬ್ಳು! ಪಿಕ್ಚರಲ್ಲಿ ಕಣೋ. ಪಿಕ್ಚರಲ್ಲಿರ್ಲಿಲ್ವಾ ಬಸ್ರಿ? ಇದ್ಲು. ನೀನ್ ಸರಿಯಾಗ್ ನೋಡಿಲ್ಲ. ಆ ಮಿಷನ್ ಗೂಡಲ್ಲಿ ಕುಂತು ನಿದ್ದೆ ಹೊಡೀತಿದ್ದೆ ಅಂತ ಕಾಣುತ್ತೆ.

ಬಾಯಲ್ಲಿ ಕಡುಬು ತುರುಕ್ಕಂಡಿದ್ದೀಯಾ? ಇರ್ಲಿ. ನಂಗೆ ಜಾಸ್ತಿ ಸಿಟ್ಟು ಬಂದಿದ್ದು ಶುಕ್ರವಾರದ್ದಕ್ಕೆ. ಮೊದ್ಲೇ ನಿಮ್ದು ಭಿಕ್ಷಗಾರ್ರ ಟೆಂಟು. ಒಂದೇ ಪಿಕ್ಚರ್‌ನ ಬೊಮ್ಮನಹಳ್ಳಿ ಟೆಂಟಿನ್ ಜೊತೆ ಹಂಚ್ಕತೀರ. ಅಲ್ಲಿ ಆಡಿ ಮುಗಿದ ರೀಲು ಹೊಸೂರು ರೋಡ್ ಬಸ್ಸತ್ತಿ ಬರೋವರ್ಗೂ ನಾವು ಸೊಳ್ಳೆ ಹೊಡ್ಕಂಡು ಕುಂತಿರ್ಬೇಕು. ಆ ಪಿಕ್ಚರಲ್ಲಿ ಒಬ್ಳು ಬಂಗ್ಲೆ ಸಾವ್ಕಾರ್ತಿ. ಮಗ್ಳು ಕಾರ್ ಡ್ರೈವರ್ನ ಕಟ್ಕಂಡು ಓದ್ಲು. ತಾಯಿ ಬಾಗ್ಲಾಕಿದ್ಲು. ಸರಿಯಾಗೇ ಮಾಡಿದ್ಲು! ಭೇಷ್ ಅಂದೆ ನಾನು. ಅಂತಾ ತಾಯಿ ಇರ್ಬೇಕು ಅಂದೆ.

ಆದ್ರೆ ಕಡೇಲಿ ಏನ್ ಮಾಡಿದ್ಲು ಆ ಮಾನಗೆಟ್ಟೋಳು? ಯೋಳು! ನೀನೇ ತಾನೆ ಆಡ್ಸಿದ್ದು? ಮಗಳಿಗೆ ಚೊಚ್ಚಲು. ಅಳಿಯಂಗೆ ತಾಯಿ ಇಲ್ಲ, ಅಕ್ಕ ಇಲ್ಲ. ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕು, ಅದು ನಮ್ ಕಡೆ ಪದ್ಧತಿ, ಯಾರ್ ತಪ್ಪುಸ್ತಾರೆ ಅಂತ ಈ ಮುದ್ಕಿ ತಾನೇ ಎತ್ತಿನ್ ಗಾಡಿ ಕಟ್ಟಿಸ್ಕಂಡು ಓದ್ಲು. ಗಾಡಿಗೆ ಹುಲ್ಲು ಹಾಸಿ, ಅದ್ರ ಮೇಲೆ ಹಳೇ ಕಂಬಳಿ ಹಾಸಿ, ಕುಲುಕಾಡ್ದಂಗೆ ಮೆಲ್ಗೆ ಹೊಡ್ಸಿಕಂಡು ಬಂದ್ಲು. ಬಾರವ್ವ ಅಂತ ಕೈ ಇಡ್ದು ಇಳಿಸಿದ್ಲು. ಹರಳೆಣ್ಣೆ ತಿಕ್ಕಿ, ಸುಡುಸುಡು ನೀರು ಉಯ್ದು, ಸಾಂಬ್ರಾಣಿ ಹೊಗೆ ಹಾಕಿ, ಮೆಣಸು ಬೆಳ್ಳುಳ್ಳಿ ಸಾರು ಕಲಸಿ ಬಾಯಿಗಿಟ್ಲು… ಥೂ, ನಾಚ್ಕೆ ಇಲ್ವಾ ಅವ್ಳಿಗೆ? ಊರು ಏನನ್ನುತ್ತೆ ಅನ್ನೋ ಗ್ಯಾನ ಇಲ್ವಾ? ಇಂಗೆ ತೋರ್ಸಿ ತೋರ್ಸಿ ತಾಯಂದ್ರನ್ನೆಲ್ಲ ಹಾಳ್ ಮಾಡ್ತೀರ ನೀವು!

ಯಾಕೆ ಅಂಗ್ ನೋಡ್ತೀಯ?

ಏನಾಯ್ತೋ? ಬಂಗ್ಲೆಯೋಳು ಎತ್ತಿನ್ ಗಾಡಿ ಕಟ್ಟಬಾರ್ದಾ? ಕಾರು ಕೆಟ್ಟಿತ್ತು ಅನ್ಕೋ. ಏನ್ ಕೈ ಆಡಿಸ್ತೀಯ? ಏನ್ ಬರ್ಲಿಲ್ಲ? ರೀಲಾ? ಕಡೇ ರೀಲು… ಬೊಮ್ಮನಹಳ್ಳಿಯಿಂದ ಬರ್ಲೇ ಇಲ್ವಾ ಶುಕ್ರವಾರ? ಜನ ಗಲಾಟೆ ಮಾಡಿ ಪರದೆಗೆ ಮಣ್ಣುಹೆಂಟೆ ಎಸೆದ್ರಾ?

ಹೂಂ.

ಅಂಗಾದ್ರೆ… ನೋಡಿರ್ಬೇಕು ಎಲ್ಲೋ. ಬೇರೆ ಟೆಂಟಲ್ಲಿ. ಅತ್ತಿಬೆಲೇಲಿ…

ಸುಮ್ನೆ ನಿಂತು ನನ್ನ ಕೊಲ್ಬೇಡ. ಬೈಯೋ! ನಗೋ ಬೇಕಾದ್ರೆ! ಆ ಗೂಡಿನ ತೂತಿಂದ ಹೆಂಗಸ್ರ ಕಡೆ ಕಾಣುತ್ತೆ, ಅಲ್ವಾ? ನಾನೆಲ್ಲಿ ಕುಂತ್ಕತಿದ್ದೆ, ಎತ್ತ ನೋಡ್ತಿದ್ದೆ, ಎಲ್ಲ ಕಾಣ್ತಿತ್ತು ನಿಂಗೆ. ವಾರದಿಂದ ಗೊತ್ತು ನಿಂಗೆ. ಹೌದು ಕಣೋ, ಇಂಟ್ರವೆಲ್ಲಿಗೇ ಎದ್ದು ಬಂದೆ. ಅವ್ಳಿರ್ಲಿಲ್ಲ. ದಿನಾ ಮೋಟುಗೋಡೆ ಪಕ್ಕ, ಕಂಬಕ್ಕೆ ಒರಗಿ ಕುಂತಿರ್ತಿದ್ಲು. ಶುಕ್ರವಾರ ಆ ಜಾಗ ಖಾಲಿ. ಶನಿವಾರಾನೂ ಬಂದೆ. ನೆನ್ನೇನೂ ಬಂದೆ. ಯಾರೋ ಚಿಲ್ರೆ ಉಡುಗೀರು ಕಡ್ಲೆಕಾಯಿ ತಿಂತಾ ಕುಂತಿದ್ರು ಅಲ್ಲಿ. ಪೊಲೀಸೂ ನೋಡಿಲ್ಲ, ದೇವ್ರೂ ನೋಡಿಲ್ಲ ನಾನು. ನನ್ ಮಗಳ ಬೆನ್ನು ನೋಡ್ದೆ. ಬೆನ್ನು ನೋಡೇ ಎಣಿಸ್ದೆ, ಇಷ್ಟರಲ್ಲೇ ದಿನ ತುಂಬುತ್ತೆ ಅಂತ.

ಯಾಕ್ ಬರ್ಲಿಲ್ಲ ಅವ್ಳು? ಕಾಲು ಊತಾನಾ? ತಲೆ ಆಡಿಸ್ಬೇಡ, ಬಾಯ್ ಬಿಡು. ನಾನ್ ಬೈತೀನಿ ಅಂತ ಗೊತ್ತಿದ್ದೂ ಸುಡೋ ಬಿಸ್ಲಲ್ಲಿ ಓಡ್ ಬಂದಿದ್ದೀಯ… ಹೊಟ್ಟೆನೋವು ಶುರುವಾಯ್ತಾ? ಯಾವಾಗ್ಲಿಂದ? ಬೆಳಿಗ್ಗೆಯಿಂದ್ಲಾ!

ಈಗ ಯಾರವ್ರೆ ಅವ್ಳ್ ಹತ್ರ?

ಯಾರೂ ಇಲ್ವಾ?

ಅಯ್ಯೋ ಪಾಪಿ… ಅವ್ಳೊಬ್ಳನ್ನೇ ಬಿಟ್ಟು ಬಂದು ಇಷ್ಟೊತ್ತು ನನ್ ಬೈಗುಳ ಕೇಳ್ಕಂಡು ನಿಂತಿದ್ದೀಯಲ್ಲೋ! ಮುಚ್ಚೇ ಬಾಯಿ ಮುದ್ಕಿ ಅಂತ ಒಂದ್ ಮಾತು ಅನ್ನಕ್ಕೆ ನಿಂಗೇನಾಗಿತ್ತೋ?