ಟವಲ್ಲಿನ ಕೆಳಗಿನ ರೇಟು

ಏನೂ ಇಲ್ಲ, ಏನೂ ಇಲ್ಲ ಅಂತೀಯಲ್ಲ, ಏನೂ ಇಲ್ಲದಿದ್ರೆ ಮೆಟ್ಲು ಯಾಕಮ್ಮ ಒಂದೇ ಕಾಲಲ್ಲಿ ಕುಂಟ್ಕೊಂಡು ಹತ್ತಿದೆ? ತಾತ ಪೇಪರ್ ಓದ್ತಿದಾನೆ, ನೋಡಲ್ಲ ಅಂದ್ಕೊಂಡ್ಯಾ? ಕೂತ್ಕೋ ಇಲ್ಲಿ, ಈ ಜಗಲಿ ಮೇಲೆ, ಕಾಲು ಚಾಚ್ಕೊಂಡು ಕೂತ್ಕೋ ಪುಟ್ಟಿ. ನಾಡಿದ್ದು ಸ್ಕೂಲಲ್ಲಿ ಕಬಡ್ಡಿ ಸೆಲೆಕ್ಷನ್ ಇದೆ ಅಂತ ನನಗೂ ಗೊತ್ತು... ಅಲ್ಲ ಅಲ್ಲ, ಖೋಖೋ. ಆಯ್ತು, ಖೋಖೋ. ಕಾಲು ನೋವು ಅಂದ್ರೆ ಎಲ್ಲಿ ಆಡೋಕೆ ಬಿಡಲ್ವೋ ಅಂತ ಬಾಯಿ ಮುಚ್ಕೊಂಡಿದೀಯ, ಅದೂ ಗೊತ್ತು. ಬಯ್ಯಲ್ಲ, ಹೆದರ್ಬೇಡ. ಒಂದು ವಿಷಯ ಹೇಳ್ತೀನಿ, ಮಧ್ಯ ಬಾಯಿ ಹಾಕ್ದೆ ಕೇಳು. ನನ್ನೆದೆ ಕುಯ್ದ ಸಮಾಚಾರ. ನೀನಾಗ ಚಿಕ್ಕೋಳು, ನಿನ್ನ ಒಳಗೆ ಬಿಡ್ಲಿಲ್ಲ, ಕೆಳಗೆ ಕ್ಯಾಂಟೀನಲ್ಲಿ ನಿಮ್ಮಪ್ಪನ ತೊಡೆ ಮೇಲೆ ಕೂತು ಖಾರಾ ಬಿಸ್ಕತ್ತು ತಿಂತಿದ್ದೆಯಂತೆ.

ಮೂರು ರಕ್ತನಾಳ ಕಟ್ಕೊಂಡಿತ್ತು ಕಣಮ್ಮ. ತರಗುಪೇಟೆ ಮಂಡೀಲಿ ಬೆಲ್ಲದ ಮೂಟೆ ಎಣಿಸ್ತಾ ನಿಂತಿದ್ದೋನು ಹಂಗೇ ಕುಸಿದು ಕೂತ್ಬಿಟ್ಟೆ, ಆಸ್ಪತ್ರೇಲಿ ಬೈಪಾಸ್ ಆಗ್ಲೇಬೇಕು ಅಂದ್ರು. ಆಪರೇಷನ್ ದಿನ ಬೆಳಗ್ಗೆ ಒಬ್ಬ ಸಿಸ್ಟರ್ ಬಂದು, 'ತಾತ, ಮೈ ಮೇಲೆ ಏನೂ ಇರಬಾರ್ದು, ಉಂಗುರ, ದಾರ, ಎಲ್ಲಾ ತೆಗ್ದುಬಿಡಿ' ಅಂದ್ಲು. ಉಂಗುರ ತೆಗೆದೆ. ವಾಚು ತೆಗೆದೆ. ಆಮೇಲೆ ಎದೆ ಮೇಲಿನ ಲಿಂಗದ ಕರಡಿಗೆಗೆ ಕೈ ಹೋಯ್ತು ನೋಡು, ಹೋಗಿ ಹಂಗೇ ನಿಂತ್ಬಿಡ್ತು. ನಿಂಗೆ ಗೊತ್ತಲ್ಲ, ಲಿಂಗಧಾರಣೆ ಆದ್ಮೇಲೆ ಅದು ಮೈಬಿಟ್ಟು ಇಳಿಯಂಗಿಲ್ಲ. ಸ್ನಾನಕ್ಕೂ ತೆಗೆದೋನಲ್ಲ ನಾನು. ನಿಮ್ಮಜ್ಜಿ ನನ್ನ ಮುಖ ನೋಡಿದ್ಲು, ಕೈ ಚಾಚಿದ್ಲು. 'ಕೊಡ್ರಿ ಇಲ್ಲಿ. ನನ್ನದರ ಪಕ್ಕದಲ್ಲೇ ನನ್ನ ಕೊರಳಲ್ಲೇ ಇರುತ್ತೆ. ಐಸಿಯು ಮುಗಿಸಿ ವಾರ್ಡಿಗೆ ಬಂದು ಇಸ್ಕೊಳ್ಳಿ' ಅಂದ್ಲು. ಏನೋ ಕೊಡೆ ಇಸ್ಕೊಂಡಂಗೆ! ದಾರ ಬಿಚ್ಚಿ ಅವಳ ಕೈಗಿಟ್ಟೆ. ಸತ್ರೆ ಲಿಂಗ ಇಲ್ಲದೇ ಸಾಯ್ತೀನಲ್ಲ ಅನ್ನೋದೊಂದೇ ತಲೇಲಿ. ಇದನ್ನ ನೆನಪಿಟ್ಕೋ, ವಾರ್ಡಿಗೆ ಹೋದ್ರೆ ಲಿಂಗ ವಾಪಸ್ಸು. ಅದಕ್ಕೇ ಇಷ್ಟೆಲ್ಲಾ ಆಗಿದ್ದು.

ಎಚ್ಚರ ಆದಾಗ ಏನಂದ್ರೆ, ಗಂಟಲೊಳಗೆ ಪೈಪು. ಉಸಿರು ನಾನು ಆಡ್ತಿಲ್ಲ, ಅದ್ಯಾವುದೋ ಮೆಷಿನ್ನು ಆಡಿಸ್ತಿದೆ. ಕೂಗೋಣ ಅಂದ್ರೆ ಸದ್ದಿಲ್ಲ, ಕೀಳೋಣ ಅಂದ್ರೆ ಕೈ ಕಟ್ಟಿದಾರೆ. ಅಯ್ಯಪ್ಪಾ, ಶತ್ರುಗೂ ಬೇಡ. ಅದನ್ನ ತೆಗೆದ್ರಲ್ಲ, ಆಗ ಮನಸ್ಸಲ್ಲೇ ಅಂದ್ಕೊಂಡೆ, ಇನ್ನೊಂದ್ಸಲ ಈ ಪೈಪು ಒಳಗೆ ಹೋದ್ರೆ ನಾನು ಆಚೆ ಬರಲ್ಲ ಅಂತ. ಪೈಪು ತೆಗೆದ್ಮೇಲೆ ನೋವು ಬಂತು. ಅಲ್ಲ, ನೋವು ಅಲ್ಲೇ ಇತ್ತು, ನಾನು ಈಗ ನೋಡಿದೆ ಅಷ್ಟೆ. ಎದೆ ಮೂಳೆ ಗರಗಸದಲ್ಲಿ ಸೀಳಿ, ಆಮೇಲೆ ತಂತಿ ಹಾಕಿ ಬಿಗಿದಿದಾರೆ ಪುಟ್ಟಿ. ಪಕ್ಕೇಲಿ ಎರಡು ಟ್ಯೂಬು. ಕಾಲಿಂದ ನರ ತೆಗ್ದು ಹಾರ್ಟಿಗೆ ಹಾಕಿದಾರೆ, ಆ ಕಾಲು ಬೇರೆ ಉರಿ ಉರಿ. ಎದೆ ಮೇಲೆ ಬೆಲ್ಲದ ಮೂಟೆ ಇಟ್ಟು ಅದರ ಮೇಲೆ ಹಮಾಲಿ ಹತ್ತಿ ಕೂತಂಗಿತ್ತು. ಅಲ್ಲಾಡದೇ ಮಲಗಿದ್ರೆ ಹೆಂಗೋ ತಡೀಬೋದು. ಉಸಿರು ಸ್ವಲ್ಪ ಜಾಸ್ತಿ ಎಳೆದ್ರೆ, ಮುಗೀತು, ಕಣ್ಣು ಕತ್ತಲೆ.

ಐಸಿಯು ಸಿಸ್ಟರು ಶೋಭಾ ಅಂತ, ಶಿರಾ ಕಡೆ ಹುಡುಗಿ, ಬಂದು ಕೇಳಿದ್ಲು, 'ತಾತ, ನೋವು ಎಷ್ಟಿದೆ? ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗಲ್ಲ. ಎಷ್ಟು ಹೇಳಿ?' ನಾನು ಯಾರು ಹೇಳು? ಪೇಟೆಯೋನು. ನಮ್ಮಪ್ಪನ ಕಾಲದಿಂದ ಮಂಡಿ ನಡೆಸಿದೋರು ನಾವು. 'ಎಷ್ಟು' ಅಂತ ಯಾರಾದ್ರೂ ಕೇಳಿದ್ರೆ ಮೊದಲ್ನೇ ಮಾತಿಗೆ ನಿಜವಾದ ರೇಟು ನಮ್ಮ ಬಾಯಿಂದ ಬರೋದೇ ಇಲ್ಲ, ಬರೋಕೆ ಸಾಧ್ಯಾನೇ ಇಲ್ಲ. ಮಾರೋನು ಜಾಸ್ತಿ ಹೇಳ್ತಾನೆ, ಕೊಳ್ಳೋನು ಕಡಿಮೆ ಕೇಳ್ತಾನೆ, ಎಳೆದಾಡಿ ಎಳೆದಾಡಿ ಮಧ್ಯದಲ್ಲೆಲ್ಲೋ ಬಂದು ನಿಲ್ಲುತ್ತೆ. ಇಲ್ಲಿ ನಾನು ಮಾರೋನಾ ಕೊಳ್ಳೋನಾ? ಯೋಚ್ನೆ ಮಾಡ್ದೆ. ನಂಗೆ ಬೇಕಾಗಿರೋದು ವಾರ್ಡು. ಸರಿ, ಕೊಳ್ಳೋನೇ. ನೋವು ಜಾಸ್ತಿ ಅಂದ್ರೆ ಇಲ್ಲೇ ಇಟ್ಕೋತಾರೆ. 'ಎರಡು' ಅಂದೆ. ಅವಳು 'ಏನ್ ತಾತ, ಇಷ್ಟು ದೊಡ್ಡ ಆಪರೇಷನ್ನಿಗೆ ಎರಡಾ? ಹೋಗ್ಲಿ, ಎಂಟು ಅನ್ನಿ' ಅಂತಾಳೆ, ನಾನು ನಾಲ್ಕು ಅಂತೀನಿ, ಆರಕ್ಕೆ ಬರ್ತೀವಿ, ಔಷಧಿ ಕೊಡ್ತಾಳೆ ಅಂತ ನನ್ನ ಲೆಕ್ಕ. ಅವಳು 'ಗುಡ್ ತಾತ' ಅಂತ ಬರ್ಕೊಂಡು ಹೊರಟೇಹೋದ್ಲು! ಒಂದೇ ಮಾತಿಗೆ ವ್ಯಾಪಾರ ಮುಗಿಸಿಬಿಟ್ಲಲ್ಲಪ್ಪ ಈ ಹುಡುಗಿ ಅಂತ ಬಾಯಿ ಬಿಟ್ಕೊಂಡು ನೋಡ್ತಾ ಮಲಗಿದ್ದೆ. ಮತ್ತೆ ಬಂದು ಕೇಳಿದಾಗ ನಾನಾಗೇ ಸ್ವಲ್ಪ ಏರಿಸ್ದೆ, 'ಎರಡೂವರೆ' ಅಂದೆ. ನಕ್ಬಿಟ್ಟು ಮೂರು ಅಂತ ಬರ್ಕೊಂಡ್ಲು. ಪಾಪ, ಅವಳದ್ದೇನು ತಪ್ಪು, ನಾನು ಹೇಳಿದ್ದು ಅವಳು ಬರ್ಕೊಂಡ್ಲು.

ನೀನು ನಗ್ತೀಯ. ನಗು ನಗು. ಇಲ್ಲಿ ಒಂದು ಮಾತು ಹೇಳ್ಬೇಕು, ಮರೆತೇಬಿಡ್ತಿದ್ದೆ. ನಮ್ಮ ಮಂಡೀಲಿ ಮುಂಚೆ ಟವಲ್ ವ್ಯಾಪಾರ ಅಂತಿತ್ತು. ಬೆಲ್ಲದ ಗಾಡಿ ಬಂದ್ರೆ ಸುತ್ತ ಜನ ನಿಂತಿರ್ತಾರಲ್ಲ, ಎಲ್ಲರ ಎದುರಿಗೆ ರೇಟು ಹೇಳಂಗಿಲ್ಲ. ಅದಕ್ಕೆ ಮಾರೋನು ಕೊಳ್ಳೋನು ಇಬ್ಬರೂ ಒಂದು ಟವಲ್ಲಿನ ಕೆಳಗೆ ಕೈ ಕೊಟ್ಟು ಬೆರಳು ಹಿಡಿಯೋದು. ಎರಡು ಬೆರಳು ಹಿಡಿದ್ರೆ ಎರಡು, ಅಷ್ಟೂ ಹಿಡಿದ್ರೆ ಐದು, ಬಿಟ್ಟು ಮತ್ತೆ ಹಿಡಿದ್ರೆ ಅದರ ಮೇಲೆ ಸೇರಿಸ್ಕೊಂಡು ಹೋಗೋದು. ಬಾಯಲ್ಲಿ 'ಅಯ್ಯೋ ಗಿಟ್ಟಲ್ಲಪ್ಪ, ಮನೆ ಮುಳುಗೋಗುತ್ತೆ' ಅಂತ ಏನ್ ಬೇಕಾದ್ರೂ ಒದರ್ಕೋ, ಟವಲ್ ಕೆಳಗೆ ಕೊನೇಗೆ ಹಿಡಿದ ಬೆರಳು ಮಾತ್ರ ಸತ್ಯ. ಅಲ್ಲಿ ಸುಳ್ಳು ಹಿಡಿದೋನನ್ನ ಪೇಟೇಲಿ ಯಾರೂ ಹತ್ತಿರ ಸೇರಿಸ್ತಿರಲಿಲ್ಲ. ನಿಮ್ಮಜ್ಜಿ ಅಪ್ಪಂದೂ ನಮ್ಮ ಎದುರುಗಡೇನೇ ಮಂಡಿ, ಹುಣಸೆಹಣ್ಣಿಂದು. ಇವಳು ಚಿಕ್ಕೋಳಿದ್ದಾಗ ಅಪ್ಪನ ತೊಡೆ ಮೇಲೆ ಕೂತು ಅದೇ ಟವಲ್ಲೊಳಗೆ ಕೈ ತೂರಿಸ್ತಿದ್ದೋಳು. ಇರ್ಲಿ, ಆಮೇಲೆ ಬರ್ತೀನಿ ಅದಕ್ಕೆ.

ಮಾರನೇ ದಿನ ಶೋಭಾ ಬಂದು 'ಕೆಮ್ಮಿ ತಾತ' ಅಂದ್ಲು. ದಿಂಬು ಕೊಟ್ಟು, ಇದನ್ನ ಎದೆಗೆ ಗಟ್ಟಿಯಾಗಿ ಅಪ್ಕೊಂಡು ಜೋರಾಗಿ ಕೆಮ್ಮಿ, ಒಳಗಿರೋ ಕಫ ಎಲ್ಲಾ ಬರ್ಬೇಕು ಅಂದ್ಲು. ಮೂರು ಬಾಲು ಇರೋ ಒಂದು ಡಬ್ಬಿ ಕೊಟ್ಟು, ಉಸಿರು ಎಳೆದು ಬಾಲು ಮೇಲಕ್ಕೆ ಏರಿಸಿ ಅಂದ್ಲು. ನಾನು ಗಂಟಲಲ್ಲೇ ಖೆಕ್ ಅಂದೆ. 'ಇದು ಕೆಮ್ಮಲ್ಲ ತಾತ, ಹೊಟ್ಟೆಯಿಂದ ಬರ್ಬೇಕು.' ಮತ್ತೆ ಖೆಕ್. ಕೆಮ್ಮಿದ್ರೆ ಹೊಲಿಗೆ ಬಿಚ್ಕೊಂಡು ಎದೆ ಎರಡು ಹೋಳಾಗುತ್ತೆ ಅಂತ ನಂಬಿದ್ದೆ ಕಣೇ, ಆ ನೋವಲ್ಲಿ ಹಂಗೇ ಅನ್ಸೋದು. ಒಳಗಿಂದ ಕೆಮ್ಮು ಬರೋದು, ನಾನು ನುಂಗೋದು. ಬರೋದು, ನುಂಗೋದು. ಮಧ್ಯಾಹ್ನದ ಹೊತ್ತಿಗೆ ಉಸಿರು ಗಿಡ್ಡ ಆಯ್ತು. ಮೈ ಬಿಸಿ. ತಲೆ ಹತ್ರ ಇದ್ದ ಮೆಷಿನ್ನು ಪೀಂ ಪೀಂ ಅಂತ ಶುರುಮಾಡ್ತು, ಆಕ್ಸಿಜನ್ ಇಳೀತಿದೆ ಅಂತ. ಮೂಗಿಗೆ ಮಾಸ್ಕ್ ಬಂತು. ಎಕ್ಸ್‌ರೇ ಮೆಷಿನ್ನು ಮಂಚದ ಹತ್ರಾನೇ ತಳ್ಕೊಂಡು ಬಂದ್ರು. ಡಾಕ್ಟ್ರು ಫೋಟೋ ನೋಡ್ಬಿಟ್ಟು ನನ್ನ ಹತ್ರ ಬಗ್ಗಿದ್ರು. 'ಯಜಮಾನ್ರೇ, ಎಡಗಡೆ ಶ್ವಾಸಕೋಶದ ಕೆಳಗೆ ಕಫ ಕಟ್ಕೊಂಡು ಮುಚ್ಕೊಂಡಿದೆ. ನೀವು ಕೆಮ್ಮಿ ತೆಗೀಬೇಕು. ಇಲ್ದಿದ್ರೆ ಮತ್ತೆ ಗಂಟಲಿಗೆ ಪೈಪ್ ಹಾಕ್ಬೇಕಾಗುತ್ತೆ. ನೋವು ಜಾಸ್ತಿ ಇದ್ಯಾ?'

ಈಗ್ಲಾದ್ರೂ ಹೇಳ್ಬೇಕೋ ಬೇಡ್ವೋ? ಪೈಪು ಅಂದ ತಕ್ಷಣ ಜೀವ ಬಾಯಿಗೆ ಬಂದಿತ್ತು. ಆದ್ರೂ ಬಾಯಲ್ಲಿ ಏನ್ ಬಂತು ಗೊತ್ತಾ? 'ಪರವಾಗಿಲ್ಲ ಡಾಕ್ಟ್ರೇ, ಮೂರು.' ಒಂದ್ಸಲ ಹೇಳಿದ ರೇಟು ಕಣಮ್ಮ! ಎರಡೂವರೆ ಅಂದೋನು ಇದ್ದಕ್ಕಿದ್ದಂಗೆ ಒಂಬತ್ತು ಅಂದ್ರೆ ಏನಂತಾರೆ, ಮಾತು ತಪ್ಪಿದೋನು ಅನ್ನಲ್ವಾ? ಹುಚ್ಚು. ಉಸಿರು ಹೋಗ್ತಿದೆ, ಇವನಿಗೆ ಮಂಡಿ ಮರ್ಯಾದೆ. ಡಾಕ್ಟ್ರು ಶೋಭಾ ಕಡೆ ತಿರುಗಿ ಮೆಲ್ಲಗೆ ಅಂದ್ರು, 'ನೋವು ಇಷ್ಟು ಕಡಿಮೆ ಇದ್ದೂ ಕೆಮ್ಮೋಕಾಗ್ತಿಲ್ಲ ಅಂದ್ರೆ ಶಕ್ತೀನೇ ಇಲ್ಲ ಅಂತ. ಕಾಯೋದು ಬೇಡ. ಮನೆಯೋರನ್ನ ಕರೀರಿ, ಹೇಳ್ಬಿಟ್ಟು ಪೈಪ್ ಹಾಕೋಣ.' ನನಗೆ ಕೇಳಿಸ್ತು. ಕೇಳಿಸ್ತು ಪುಟ್ಟಿ. ಹೇಳ್ಬೇಕು ಅಂತ ಬಾಯಿ ತೆರೆದ್ರೆ ಮಾಸ್ಕೊಳಗೆ ಬರೀ ಗಾಳಿ, ಮಾತಾಡೋಷ್ಟು ಉಸಿರೇ ಉಳಿದಿಲ್ಲ. ಅಲ್ಲಿ ಟ್ರಾಲಿ ಮೇಲೆ ಪೈಪು ತಂದು ಇಟ್ರು, ಪ್ಲಾಸ್ಟಿಕ್ ಕವರ್ ಹರಿದ ಸದ್ದು ಈಗ್ಲೂ ಕಿವೀಲಿದೆ. ಸತ್ತೋಗ್ತೀನಿ ಅನ್ಕೊಂಡೆ. ಕೊರಳು ಖಾಲಿ, ಎದೆ ಖಾಲಿ, ಹಂಗೇ ಹೋಗ್ತೀನಿ ಅಂತ ಕಣ್ಣಲ್ಲಿ ನೀರು ಸುರೀತು.

ನಿಮ್ಮಜ್ಜಿ ಬಂದ್ಲು. ಹಸಿರು ಗೌನು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಬರೀ ಕಣ್ಣು ಕಾಣ್ತಿತ್ತು. ಗೌನಿನೊಳಗೆ ಎರಡು ಕರಡಿಗೆ ಉಬ್ಬಿಕೊಂಡಿದ್ದು ಕಾಣಿಸ್ತು ನಂಗೆ. ಡಾಕ್ಟ್ರು ಅವಳಿಗೆ ವಿಷಯ ಹೇಳಿದ್ರು. ಅವಳು ಅಳ್ಲಿಲ್ಲ. ಮಂಚದ ಹತ್ರ ಬಂದ್ಲು. 'ರೀ, ನೋವೆಷ್ಟಿದೆ?' ಅಂದ್ಲು. ನಾನು ತಲೆ ಅಲ್ಲಾಡಿಸ್ದೆ, ಏನಿಲ್ಲ ಅಂತ. ಅವಳ ಮುಂದೆ ಇನ್ನೂ ಬಿಗುಮಾನ ನೋಡು! ನನ್ನನ್ನೇ ನೋಡಿದ್ಲು. ಹೊದ್ದಿಸಿದ್ದ ಬೆಡ್‌ಶೀಟ್ ಇತ್ತಲ್ಲ, ಅದರ ಅಂಚು ಎತ್ತಿ ಕೈ ಒಳಗೆ ಹಾಕಿದ್ಲು, ನನ್ನ ಕೈ ಹುಡುಕಿದ್ಲು, ಹುಡುಕಿ ಐದೂ ಬೆರಳು ನನ್ನ ಅಂಗೈ ಒಳಗೆ ಬಿಟ್ಲು. ಅಷ್ಟು ವರ್ಷ ಸಂಸಾರ ಮಾಡಿದ್ರೂ ಯಾವತ್ತೂ ಹಂಗೆ ಕೈ ಕೊಟ್ಟೋಳಲ್ಲ. ಬಟ್ಟೆ ಕೆಳಗೆ ಸುಳ್ಳು ಹಿಡಿಯೋದು ಹೆಂಗಮ್ಮ? ನನ್ನ ಕೈ ತಾನೇ ಮುಚ್ಕೊಳ್ತು. ಐದೂ ಬೆರಳು ಹಿಡಿದೆ. ಬಿಟ್ಟೆ. ಮತ್ತೆ ನಾಲ್ಕು ಹಿಡಿದೆ.

ನಿಮ್ಮಜ್ಜಿ ತಿರುಗಿ ಡಾಕ್ಟ್ರಿಗೆ ಹೇಳಿದ್ಲು, 'ಒಂಬತ್ತು.' ಶೋಭಾ, 'ಅಯ್ಯೋ, ತಾತ ಎರಡು ಮೂರು ಅಂತಿದ್ರಲ್ಲಮ್ಮ?' ಅಂದ್ಲು. ಅದಕ್ಕೆ ಇವಳು, 'ಅದು ಬಾಯಿ ಲೆಕ್ಕ ಕಣಮ್ಮ. ಇವರು ನನ್ನ ನೋಡೋಕೆ ಬಂದಾಗ ನಾನು ಮಾಡಿದ ಹೋಳಿಗೇನೂ ಪರವಾಗಿಲ್ಲ ಅಂದೋರು, ನಾಲ್ಕು ಸಲ ಹಾಕಿಸ್ಕೊಂಡು ತಿಂದು. ಇವರ ಬಾಯಿ ಕೇಳ್ಬೇಡಿ. ಇವರಿಗೆ ಶಕ್ತಿ ಇದೆ, ನೋವು ತಡೀತಿಲ್ಲ ಅಷ್ಟೆ. ನೋವಿಗೆ ಕೊಡಿ, ಕೆಮ್ತಾರೆ, ನಾನು ಕೆಮ್ಮಿಸ್ತೀನಿ' ಅಂದ್ಲು. ಡಾಕ್ಟ್ರು ನನ್ನ ಮುಖ ನೋಡಿದ್ರು, ಪೈಪು ನೋಡಿದ್ರು. 'ಔಷಧಿ ಏರಿಸಿ. ಪೈಪು ಇಲ್ಲೇ ಇರ್ಲಿ. ಸ್ವಲ್ಪ ಹೊತ್ತು ನೋಡೋಣ' ಅಂದ್ರು.

ಔಷಧಿ ಹೋಯ್ತು. ನೋವು ಮಾಯ ಆಯ್ತು ಅಂದ್ಕೋಬೇಡ. ಹಮಾಲಿ ಇಳಿದ, ಮೂಟೆ ಅಲ್ಲೇ ಇತ್ತು. ಆದ್ರೆ ಮೂಟೆ ಹೊತ್ಕೊಂಡು ಕೆಮ್ಬೋದು. ನಿಮ್ಮಜ್ಜಿ ದಿಂಬನ್ನ ನನ್ನೆದೆಗೆ ಒತ್ತಿ ಹಿಡಿದ್ಲು, ಶೋಭಾ ಬೆನ್ನಿಗೆ ಕೈ ಕೊಟ್ಲು, 'ಹೂಂ, ಈಗ' ಅಂದ್ಲು. ಕೆಮ್ಮಿದೆ. ಪಕ್ಕದ ಬೆಡ್ಡೋನು ಎಚ್ಚರ ಆಗೋ ಹಂಗೆ ಕೆಮ್ಮಿದೆ. ಕಿರುಚಿದೆ ಕೂಡಾ, ನಾಚಿಕೆ ಏನು, ಜೋರಾಗೇ ಕಿರುಚಿದೆ. ಮೊದಲು ಏನೂ ಬರ್ಲಿಲ್ಲ. 'ಇನ್ನೊಂದ್ಸಲ ರೀ.' ಆಗಲ್ಲ ಅಂದೆ. 'ಆಗುತ್ತೆ. ಹಿಡ್ಕೊಂಡಿದೀನಿ.' ಮತ್ತೆ, ಮತ್ತೆ. ಕೊನೇಗೆ ಒಳಗಿಂದ ಕಿತ್ಕೊಂಡು ಬಂತು ನೋಡು ಅಂಟಂಟಾಗಿ ಕಫ, ಛೀ, ಹೇಳಬಾರ್ದು, ಆದ್ರೆ ಅಷ್ಟು ಚೆನ್ನಾಗಿರೋ ವಸ್ತು ನಾನು ಜೀವಮಾನದಲ್ಲಿ ನೋಡಿಲ್ಲ. ಆಮೇಲೆ ಮೆಷಿನ್ನಲ್ಲಿ ಆಕ್ಸಿಜನ್ ನಂಬರು ಒಂದು ಏರ್ತು. ನಿಂತ್ಕೊಳ್ತು. ಇಳೀತು. ಎಲ್ಲರೂ ಅದನ್ನೇ ನೋಡ್ತಿದೀವಿ. ಮತ್ತೆ ಏರ್ತು. ಸಾಯಂಕಾಲದ ಹೊತ್ತಿಗೆ ಡಾಕ್ಟ್ರು ಬಂದು ಟ್ರಾಲಿ ತಳ್ಕೊಂಡು ಹೋಗಿ ಅಂದ್ರು. ಅದರ ಚಕ್ರದ ಸದ್ದು ಬಾಗಿಲಾಚೆ ಹೋಗೋವರೆಗೂ ನಾನು ಕೇಳಿಸ್ಕೊಂಡೆ.

ವಾರ್ಡಿಗೆ ಬಂದ್ಮೇಲೆ ಕರಡಿಗೆ ಕೊಟ್ಲು. ಗಾಯದ ಮೇಲೆ ಬೀಳಬಾರ್ದು ಅಂತ ದಾರ ಗಿಡ್ಡ ಮಾಡಿ ಕಟ್ಟಿದ್ಲು. ಪೂಜೆಗೆ ಅಂಗೈ ಮೇಲೆ ಲಿಂಗ ಇಟ್ಕೊಂಡ್ರೆ ಕೈ ಎದೆ ಮಟ್ಟಕ್ಕೆ ಏಳೋಲ್ಲ, ಅವಳೇ ನನ್ನ ಕೈ ಕೆಳಗೆ ತನ್ನ ಕೈ ಕೊಟ್ಟು ನಿಂತ್ಲು. ಅತ್ತುಬಿಟ್ಟೆ. ಮನೆಗೆ ಬಂದ್ಮೇಲೂ ಅಷ್ಟೇ, ಸುಮ್ಮಸುಮ್ಮನೆ ಅಳು ಬರೋದು, ಟೀವೀಲಿ ಅಡುಗೆ ಮಾಡೋದು ನೋಡಿದ್ರೂ ಅಳು. ಒರಗ್ಕೊಂಡೇ ನಿದ್ದೆ. ಒಗ್ಗರಣೆ ಮೆಣಸಿನಕಾಯಿ ಘಾಟಿಗೆ ಸೀನು ಬಂದ್ರೆ ಎದೆ ಬಿರಿಯೋದು, ಅದಕ್ಕೆ ಈ ಮನೇಲಿ ಎಷ್ಟೋ ದಿನ ಒಗ್ಗರಣೆ ಇಲ್ಲದ ಸಾರು, ನೀನು ಮುಖ ಸಿಂಡರಿಸ್ಕೊಂಡು ತಿಂದಿದೀಯ. ದಿನಾ ಬೆಳಗ್ಗೆ ಕಾಫಿ ಕೊಡೋಕ್ಮುಂಚೆ ಅವಳು ನನ್ನ ಹೆಗಲ ಮೇಲಿನ ಟವಲ್ಲು ತಗೊಂಡು ಕೈ ಮೇಲೆ ಹಾಕೋಳು. ಬೆರಳು ಹಿಡೀತಿದ್ದೆ. ಆರು. ಆರು. ಐದು. ಒಂದಿನ ನಾಲ್ಕು ಹಿಡಿದಾಗ ಅವಳು ಮಾಸ್ಕಿಲ್ಲದ ಮುಖದಲ್ಲಿ ನಕ್ಕಿದ್ದು ನೋಡಿ ನಂಗೆ ಬದುಕಿದೀನಿ ಅನ್ನಿಸ್ತು.

ಅದಕ್ಕೇ ಹೇಳಿದ್ದು. ನಮ್ಮೋರು ಬಂದು ನೋವೆಷ್ಟು ಅಂತ ಕೇಳಿದಾಗ ಚೌಕಾಸಿ ಮಾಡ್ಬಾರ್ದು. ತಗೋ, ಟವಲ್ಲು ಹಾಕಿದೀನಿ, ಕೈ ಕೊಡು. ಹೂಂ, ಹಿಡಿ. ಮೂರಾ? ಸರಿಯಾಗಿ ಹಿಡಿಯೇ. ಇದು ಟವಲ್ಲು. ... ಐದು. ಬಿಟ್ಯಾ? ಇನ್ನೂ ಇದ್ಯಾ? ... ಎಂಟಾ? ಎಂಟು ಇಟ್ಕೊಂಡು ಮೆಟ್ಲು ಹತ್ತಿದ್ಯಾ? ಏ ಇವಳೇ, ಒಲೆ ಆರಿಸ್ಬಿಟ್ಟು ಬಾ, ಪುಟ್ಟೀನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು.