ರಾಯ್ ಕಂಗಾಸ್ ಅವರ ಕಾರ್ಪೆಟ್

ಎಲ್ಲರಿಗೂ ನಮಸ್ಕಾರ. ಬೆವ್, ಕ್ರಿಸ್ಟಾ, ಕಂಗಾಸ್ ಮನೆಯವರೇ, ಮೇಯರ್ ಅವರೇ, ಕೌನ್ಸಿಲಿನ ಸದಸ್ಯರೇ — ಮತ್ತು ಬಾಗಿಲ ಹತ್ತಿರ ಸಮವಸ್ತ್ರದಲ್ಲೇ ನಿಂತಿರುವ ಪೂರ್ವ ಠಾಣೆಯ ಆಂಬುಲೆನ್ಸಿನವರೇ, ಒಳಗೆ ಬನ್ನಿ. ಮುಂದೆ ಕುರ್ಚಿ ಖಾಲಿ ಇವೆ. ನೀವು ಯಾಕೆ ಪರಕೀಯರ ಹಾಗೆ ಅಲ್ಲಿ ನಿಲ್ಲಬೇಕು? ಬನ್ನಿ, ಕಾಯುತ್ತೇನೆ.

ನಾನು ಮಾರ್ನಿ ಟ್ರೆಝೋನಾ. ನಮ್ಮ ಕಾಪರ್ ಬೆಂಡ್ ನಗರದ ಹಣಕಾಸು ಅಧಿಕಾರಿಯಾಗಿದ್ದ ರಾಯ್ ಕಂಗಾಸ್ ಅವರ ಕೈಕೆಳಗೆ ಆರು ವರ್ಷ ಕೆಲಸ ಮಾಡಿದವಳು. ಈ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡು ಅಂತ ನನ್ನನ್ನು ಕರೆದಿದ್ದಾರೆ. ಆಡುತ್ತೇನೆ. ಆದರೆ ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಇದು ಅದಕ್ಕೆ ತಕ್ಕ ಜಾಗ ಅಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ನಿನ್ನೆ ರಾಯ್ ಅವರ ಪತ್ನಿ ಬೆವ್ ಅವರ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಅವರಿಗೆ ಮೊದಲು ಹೇಳಿದೆ. ಹೇಳಿ, "ಸಭೆಯಲ್ಲಿ ಹೇಳ್ಲಾ, ಬೇಡ್ವಾ?" ಅಂತ ಕೇಳಿದೆ. ಬೆವ್ ನನ್ನ ಲೋಟಕ್ಕೆ ಕಾಫಿ ಸುರಿಯುತ್ತಾ ಅಂದರು: "ಹೇಳ್ಬಿಡಮ್ಮ. ಅಳೋ ಕೆಲ್ಸ ನಂಗಿರ್ಲಿ, ಹೇಳೋ ಕೆಲ್ಸ ನೀನ್ ನೋಡ್ಕೋ." ಅದಕ್ಕೇ ಇಲ್ಲಿ ನಿಂತಿದ್ದೇನೆ.

ರಾಯ್ ಹೇಗಿದ್ದರು ಅಂತ ನಿಮಗೆ ಗೊತ್ತು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಿದ್ದ ಮನುಷ್ಯ. ಬೆವ್ ಕಟ್ಟಿಕೊಟ್ಟ ಪಾಸ್ಟಿಯನ್ನು, ಆ ಮಾಂಸದ ಕಡುಬನ್ನು, ಕೋಟಿನ ಜೇಬಿನಲ್ಲಿ ಇಟ್ಟುಕೊಂಡು, ಹನ್ನೊಂದಕ್ಕೇ ಅರ್ಧ ತಿಂದು, ಮಧ್ಯಾಹ್ನ "ನಂದ್ ಯಾರೋ ತಿಂದವ್ರೆ" ಅಂತ ನನ್ನ ಮುಖ ನೋಡುತ್ತಿದ್ದ ಮನುಷ್ಯ. ನಗಿ, ಪರವಾಗಿಲ್ಲ — ಅವರೂ ನಗುತ್ತಿದ್ದರು.

ಬಜೆಟ್ ವಿಷಯದಲ್ಲಿ ಅವರಿಗೆ ಒಂದೇ ಒಂದು ಹಠ. ಯಾವ ಸಾಲನ್ನೂ ಕುರ್ಚಿಯಲ್ಲಿ ಕೂತು ಅಳಿಸಬಾರದು. ಅಳಿಸಬೇಕು ಅನ್ನಿಸಿದರೆ ಆ ದುಡ್ಡು ಎಲ್ಲಿ ಖರ್ಚಾಗುತ್ತದೋ ಅಲ್ಲಿಗೆ ಹೋಗಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು, ಆಮೇಲೆ ವಾಪಸ್ ಬಂದು ಪೆನ್ಸಿಲ್ ಹಿಡಿಯಬೇಕು.

ನಾನು ಸೇರಿದ ಮೊದಲ ವರ್ಷ ನನಗೆ ಭಾರೀ ಹುಮ್ಮಸ್ಸು. ಉಳಿತಾಯದ ಒಂದು ಪಟ್ಟಿ ಮಾಡಿದೆ. ಅದರಲ್ಲಿ ಎಲ್ಲಕ್ಕಿಂತ ಮೇಲೆ ಏನು ಬರೆದಿದ್ದೆ ಗೊತ್ತೇ? ಪೂರ್ವ ಠಾಣೆಯ ಆಂಬುಲೆನ್ಸ್ ನಿಲ್ಲಿಸುವುದು. ಹೌದು — ನಾನೇ. ವರ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ ಡಾಲರ್. ಇಡೀ ನಗರಕ್ಕೆ ಪಶ್ಚಿಮದ ಆಂಬುಲೆನ್ಸ್ ಒಂದೇ ಸಾಕಲ್ಲ ಅಂತ ನನ್ನ ಲೆಕ್ಕ.

ರಾಯ್ ಓದಿದರು. ಬೈಯಲಿಲ್ಲ. "ಕೋಟ್ ಹಾಕ್ಕೋ" ಅಂದರು.

ಜನವರಿ ತಿಂಗಳು. ಕರೆದುಕೊಂಡು ಬಂದಿದ್ದು ಇಲ್ಲಿಗೇ — ಈ ಹಾಲಿನ ಹಿಂದಿರುವ ರೈಲ್ವೆ ಗೇಟಿಗೆ. ಮೂಗಿನ ಒಳಗಿನ ಕೂದಲು ಹೆಪ್ಪುಗಟ್ಟುವ ಚಳಿ. ನಾವೀಗ ಇರುವುದು ಹಳಿಯ ಪೂರ್ವಕ್ಕೆ; ಆವತ್ತು ಪಶ್ಚಿಮದ ಕಡೆ ನಿಂತೆವು. ಗೇಟು ಬಿತ್ತು. ಅದಿರು ರೈಲು ಬಂತು. ರಾಯ್ ಜೇಬಿನಿಂದ ಸ್ಟಾಪ್‌ವಾಚ್ ತೆಗೆದು ನನ್ನ ಕೈಗೆ ಕೊಟ್ಟು, ತಾವು ಪಾಸ್ಟಿ ಬಿಚ್ಚಿ ಮುರಿದು ಅರ್ಧ ನನಗೆ ಕೊಟ್ಟರು.

"ಆ ಕಡೆ ನಿಮ್ಮಮ್ಮ ಬಿದ್ದಿದಾರೆ ಅನ್ಕೋ. ನೀನು ಆಂಬುಲೆನ್ಸಲ್ಲಿ ಈ ಕಡೆ ಇದೀಯ."

ನಾನು ಜಾಣೆಯ ಹಾಗೆ, "ನಮ್ಮಮ್ಮ ಇರೋದು ವಿಸ್ಕಾನ್ಸಿನ್‌ನಲ್ಲಿ" ಅಂದೆ.

"ಬಾಯ್ ಮುಚ್ಕೊಂಡು ರೈಲ್ ನೋಡು, ತಾಯಿ."

ನೋಡಿದೆ. ಡಬ್ಬಿ, ಡಬ್ಬಿ, ಇನ್ನೊಂದು ಡಬ್ಬಿ. ಮುಗಿಯುವುದೇ ಇಲ್ಲ. ನಮ್ಮಲ್ಲಿರುವುದು ಎರಡೇ ಗೇಟು, ಆ ರೈಲು ಎರಡನ್ನೂ ಒಟ್ಟಿಗೆ ಮುಚ್ಚುವಷ್ಟು ಉದ್ದ. ಕೊನೆಯ ಡಬ್ಬಿ ದಾಟಿದಾಗ ಸ್ಟಾಪ್‌ವಾಚಿನಲ್ಲಿ ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡ್. ದಿನಕ್ಕೆ ಅಂಥ ರೈಲು ಆರು. ಕಚೇರಿಗೆ ಹೋಗಿ ನನ್ನ ಪಟ್ಟಿಯ ಆ ಸಾಲನ್ನು ನಾನೇ ಹೊಡೆದು ಹಾಕಿದೆ.

ಈಗ ಕಾರ್ಪೆಟ್ ವಿಷಯಕ್ಕೆ ಬರುತ್ತೇನೆ.

ಕೌನ್ಸಿಲಿನ ಸಭಾಂಗಣದ ಕಾರ್ಪೆಟ್ ನೀವೆಲ್ಲ ನೋಡಿದ್ದೀರಿ. ಕಂದು ಬಣ್ಣ — ಮೊದಲು ಯಾವ ಬಣ್ಣ ಇತ್ತೋ ದೇವರೇ ಬಲ್ಲ. ಪ್ರತಿ ವರ್ಷ ರಾಯ್ ಅವರ ಬಜೆಟ್ಟಿನಲ್ಲಿ "ಸಭಾಂಗಣದ ನವೀಕರಣ" ಅಂತ ಒಂದು ಸಾಲು ಇರುತ್ತಿತ್ತು. ಹೊಸ ಕಾರ್ಪೆಟ್, ಹೊಸ ಕುರ್ಚಿ, ಬಾಗಿಲಿಗೆ ಹಿತ್ತಾಳೆ ಹಿಡಿ. ಸುಮಾರು ಎರಡೂವರೆ ಲಕ್ಷ. ಪ್ರತಿ ವರ್ಷ ಕೌನ್ಸಿಲ್ ಸಿಟ್ಟಿನಿಂದ ಅದನ್ನು ಕಡಿಯುತ್ತಿತ್ತು. "ಜನರ ದುಡ್ಡಲ್ಲಿ ನಮಗೆ ಕಾರ್ಪೆಟ್ಟಾ?" ಅಂತ ಮೇಜು ಕುಟ್ಟುತ್ತಿದ್ದಿರಿ. ಮರುದಿನ ಪತ್ರಿಕೆಯಲ್ಲಿ ನಿಮ್ಮ ಹೆಸರು. ರಾಯ್ ತಲೆ ತಗ್ಗಿಸಿಕೊಂಡು "ಆಯ್ತು, ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು.

ಈ ಮುದುಕನಿಗೆ ಕಾರ್ಪೆಟ್ ಹುಚ್ಚು ಅಂತ ನಾನು ಅಂದುಕೊಂಡಿದ್ದೆ.

ಫೆಬ್ರವರಿ ಹದಿಮೂರರಂದು ಅವರು ಪೂರ್ವ ಪೇಟೆಯ ನೀರಿನ ಘಟಕ ನೋಡುವುದಕ್ಕೆ ಹೋಗಿದ್ದರು. ಹೊಸ ಪಂಪು ಬೇಕೋ ಬೇಡವೋ ಅಂತ ನಿಂತು ನೋಡುವುದಕ್ಕೆ. ಅಲ್ಲೇ ಎದೆ ಹಿಡಿದುಕೊಂಡು ಬಿದ್ದರು. ಆಗ ಗೇಟು ಮುಚ್ಚಿತ್ತು, ರೈಲು ಹೋಗುತ್ತಿತ್ತು. ಪೂರ್ವ ಠಾಣೆಯ ಆಂಬುಲೆನ್ಸ್ ನಾಲ್ಕು ನಿಮಿಷದಲ್ಲಿ ಬಂತು. ನೀವೇ — ಈಗ ಮುಂದಿನ ಸಾಲಿನಲ್ಲಿ ಕೂತಿರುವ ನೀವು ಮೂವರೇ — ನಿಂತಿದ್ದ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿದಿರಿ.

ಅದರಿಂದ ಅವರಿಗೆ ಹನ್ನೆರಡು ವಾರ ಸಿಕ್ಕಿತು. ಹನ್ನೆರಡು ವಾರ ಅಂದರೆ ಏನು ಅಂತ ಬೆವ್ ಅವರನ್ನು ಕೇಳಿ. ಕ್ರಿಸ್ಟಾ ಅಲಾಸ್ಕಾದಿಂದ ಬಂದು ಅಪ್ಪನ ಜೊತೆ ಇದ್ದಳು. ಕಿಟಕಿಯ ಒಳಗಿಂದ ಕೂಗಿ ಕೂಗಿ ಅವರು ಬೆವ್‌ಗೆ ಹಿಮ ತಳ್ಳುವ ಯಂತ್ರ ಓಡಿಸುವುದನ್ನು ಕಲಿಸಿದರು. ಮೂವತ್ತೆಂಟು ವರ್ಷದಲ್ಲಿ ಗಂಡ ಹೆಂಡತಿ ಅಷ್ಟು ಜಗಳ ಆಡಿರಲಿಲ್ಲವಂತೆ. ಹೌದಾ, ಬೆವ್? — ತಲೆ ಆಡಿಸುತ್ತಿದ್ದಾರೆ.

ಆ ವಾರಗಳಲ್ಲಿ ಬಜೆಟ್ ನನ್ನ ಮೇಲೆ ಬಿತ್ತು. ರಾಯ್ ಅವರಿಗೆ ತೊಂದರೆ ಕೊಡಬೇಡಿ ಅಂತ ಡಾಕ್ಟರು ಹೇಳಿದ್ದರು. ನಾನು ಕೊಡಲಿಲ್ಲ. ಒಂದೊಂದೇ ಸಾಲು ನೋಡಿದೆ, ಒಂದೊಂದೇ ಜಾಗಕ್ಕೆ ಹೋಗಿ ನಿಂತೆ. ಗ್ರಂಥಾಲಯ, ಗ್ಯಾರೇಜು, ಸ್ಮಶಾನ, ಎಲ್ಲ ಕಡೆ. ಸಭಾಂಗಣದ ಸಾಲು ಬಂದಾಗ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕೂತಲ್ಲೇ, ಒಂದೇ ಏಟಿಗೆ ಹೊಡೆದು ಹಾಕಿದೆ. ನಾಚಿಕೆಗೇಡು ಅನ್ನಿಸಿತು. ಅಚ್ಚುಕಟ್ಟಾದ, ಪ್ರಾಮಾಣಿಕವಾದ ಬಜೆಟ್ ಮಾಡಿದ್ದೇನೆ ಅಂತ ಹೆಮ್ಮೆಯಿಂದ ಏಪ್ರಿಲ್‌ನಲ್ಲಿ ಕೌನ್ಸಿಲ್ ಮುಂದೆ ಇಟ್ಟೆ.

ಕೌನ್ಸಿಲ್ ಪುಟ ತಿರುಗಿಸಿತು. ಮತ್ತೆ ತಿರುಗಿಸಿತು. ಹತ್ತೊಂಬತ್ತು ವರ್ಷದಿಂದ ಕೈಗೆ ಸಿಗುತ್ತಿದ್ದದ್ದು ಸಿಗಲಿಲ್ಲ. ಏನನ್ನೂ ಕಡಿಯದೆ ಎದ್ದು ಹೋದರೆ ಜನರಿಗೆ ಏನು ಹೇಳುವುದು? ಆಗ ಸದಸ್ಯ ಗ್ಲೆನ್ ಪಾಸ್ಕೊ ಅವರು ಬೆರಳಿಟ್ಟು ಕೇಳಿದರು, "ಪೂರ್ವದ ಆಂಬುಲೆನ್ಸ್‌ಗೆ ವರ್ಷಕ್ಕೆ ಎಷ್ಟು ಕರೆ ಬರತ್ತಮ್ಮ?"

"ಮುನ್ನೂರ ಹನ್ನೊಂದು."

"ದಿನಕ್ಕೆ ಒಂದೂ ಇಲ್ಲ! ಉಳಿದ ಹೊತ್ತು ಏನ್ ಮಾಡ್ತಾರೆ, ಇಸ್ಪೀಟ್ ಆಡ್ತಾರಾ?"

ಎಲ್ಲರೂ ನಕ್ಕರು. ಕಡಿಯೋಣ ಅಂತ ಐದು ಮತ, ಬೇಡ ಅಂತ ಎರಡು. ಬಜೆಟ್ಟನ್ನು ಮೂರು ಸಲ ಓದಿ ಮತ ಹಾಕುವುದು ಪದ್ಧತಿ; ಮೊದಲ ಓದಿನಲ್ಲೇ ಆಂಬುಲೆನ್ಸ್ ಹೋಯಿತು.

ಗ್ಲೆನ್, ದಯವಿಟ್ಟು ಕೂತುಕೊಳ್ಳಿ. ಎದ್ದು ಹೋಗಬೇಡಿ. ನಿಮ್ಮನ್ನು ಕೆಟ್ಟವರು ಅಂತ ನಾನು ಅನ್ನುತ್ತಿಲ್ಲ. ಆರು ವರ್ಷದ ಹಿಂದೆ ನಾನೂ ಅದೇ ಸಾಲಿಗೆ ಬೆರಳಿಟ್ಟವಳು. ನನಗೆ ಕೋಟು ಹಾಕಿಕೋ ಅನ್ನುವುದಕ್ಕೆ ಒಬ್ಬರಿದ್ದರು, ಅಷ್ಟೇ ವ್ಯತ್ಯಾಸ.

ಮರುದಿನ ಡಾಕ್ಟರ ಮಾತು ಮೀರಿ ರಾಯ್ ಅವರ ಮನೆಗೆ ಹೋದೆ. ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ನನ್ನ ಮುಖ ನೋಡಿದ್ದೇ ಕೇಳಿದರು:

"ಈ ಸಲ ಕಾರ್ಪೆಟ್ ಎಷ್ಟಕ್ಕೆ ಇಟ್ಟೆ?"

"ಇಡ್ಲಿಲ್ಲ. ತೆಗೆದ್ಬಿಟ್ಟೆ."

ಮೊದಲು ನಕ್ಕರು. ಆಮೇಲೆ ನಗು ನಿಂತಿತು. "ಅಯ್ಯೋ ಮಾರ್ನಿ. ಹಾಗಾದ್ರೆ ಅವ್ರು ಏನ್ ಕಡಿದ್ರು?"

ಹೇಳಿದೆ. ಅವರು ಕಂಬಳಿ ಸರಿಸಿ ನನ್ನ ಕಡೆ ಬಾಗಿದರು. "ಅದು ಕಡಿಯೋಕೆ ಅಂತಾನೇ ಇಟ್ಟಿದ್ದು ಕಣಮ್ಮ. ಅವ್ರಿಗೆ ಏನಾದ್ರೂ ಕಡೀಲೇಬೇಕು. ಕಾರ್ಪೆಟ್ ಕಡ್ಕೊಂಡು ಹೋಗ್ಲಿ ಅಂತ" ಅಂದರು.

ನಾನು ಅವರ ಮೇಲೆ ರೇಗಿದೆ. ಕಾಯಿಲೆಯ ಮನುಷ್ಯನ ಮೇಲೆ ರೇಗಿದೆ, ಬೆವ್ ಸಾಕ್ಷಿ. "ಆರು ವರ್ಷ ಎದುರಿಗೇ ಕೂತಿದ್ದೆ ರಾಯ್! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನೂ ಸುಳ್ಳು ಹೇಳ್ಬೇಕಾಗ್ತಿತ್ತಲ್ಲಮ್ಮ. ಒಬ್ಬ ಹೇಳಿದ್ರೆ ಸಾಕು ಅನ್ಕೊಂಡೆ."

ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೌನ್ಸಿಲಿನ ಸದಸ್ಯರೇ, ಹತ್ತೊಂಬತ್ತು ವರ್ಷ ಅವರು ನಿಮಗೆ ಮೋಸ ಮಾಡಿದರು. ಅದನ್ನು ನಾನು ಮುಚ್ಚಿಡುವುದಿಲ್ಲ. ನಿಮಗೆ ಕೋಪ ಬರಬೇಕಾದದ್ದೇ. ಆದರೆ ಆ ಕೋಪವನ್ನು ಆಂಬುಲೆನ್ಸ್ ಮೇಲೆ ತೀರಿಸಿಕೊಳ್ಳಬೇಡಿ ಅಂತ ಕೇಳುವುದಕ್ಕೇ ಇದನ್ನೆಲ್ಲ ಹೇಳುತ್ತಿದ್ದೇನೆ.

ತಪ್ಪು ಸರಿಮಾಡುತ್ತೇನೆ ಅಂತ ಹೊರಟು ಇನ್ನೊಂದು ತಪ್ಪು ಮಾಡಿದೆ. ಮೇ ತಿಂಗಳ ಎರಡನೇ ಓದಿಗೆ ಕಾರ್ಪೆಟ್ ಸಾಲನ್ನು ಮತ್ತೆ ತಂದಿಟ್ಟೆ. ಅದನ್ನು ಕಡಿದು ಇದನ್ನು ಉಳಿಸುತ್ತಾರೆ ಅಂತ ಆಸೆ. ನಿಮಗೆ ನೆನಪಿದೆ, ಏನಾಯಿತು ಅಂತ. "ಆಂಬುಲೆನ್ಸ್ ತೆಗೀತಿರೋ ವರ್ಷ ಕಾರ್ಪೆಟ್ ಕೇಳ್ತೀಯಲ್ಲ, ನಾಚ್ಕೆ ಆಗಲ್ವಾ?" ಅಂದಿರಿ. ಕಾರ್ಪೆಟ್ಟನ್ನೂ ಕಡಿದಿರಿ. ಆಂಬುಲೆನ್ಸ್ ವಾಪಸ್ ಬರಲಿಲ್ಲ. ರಾಯ್ ಮಾಡಿದರೆ ನಡೆಯುತ್ತಿದ್ದದ್ದು ನನ್ನ ಕೈಯಲ್ಲಿ ನಡೆಯಲಿಲ್ಲ.

ನಾಲ್ಕು ದಿನ ಕಳೆದು ರಾಯ್ ಹೋದರು. ಅದೇ ಕುರ್ಚಿಯಲ್ಲಿ. ಆವತ್ತೂ ಆಂಬುಲೆನ್ಸ್ ನಾಲ್ಕು ನಿಮಿಷದಲ್ಲಿ ಬಂತು. ಆವತ್ತು ಏನೂ ಮಾಡುವುದಕ್ಕೆ ಆಗಲಿಲ್ಲ, ಮಾಡಬಹುದಾದದ್ದನ್ನೆಲ್ಲ ಮಾಡಿದರು. ಆದರೆ ಬೆವ್ ನನಗೆ ನಿನ್ನೆ ಒಂದು ಮಾತು ಹೇಳಿದರು. "ಅವ್ರು ಬರೋವರ್ಗೂ ನಾನೊಬ್ಳೇ ಅವರ ತಲೆ ಹಿಡ್ಕೊಂಡಿದ್ದೆ ಮಾರ್ನಿ. ನಾಲ್ಕು ನಿಮಿಷಕ್ಕೇ ನಂಗೆ ಹುಚ್ಚು ಹಿಡಿಯೋ ಹಾಗಾಗಿತ್ತು" ಅಂದರು.

ಬರುವ ಮಂಗಳವಾರ ಸಂಜೆ ಏಳಕ್ಕೆ ಕೊನೆಯ ಮತ. ಜುಲೈ ಒಂದಕ್ಕೆ ಪೂರ್ವ ಠಾಣೆಯ ಬಾಗಿಲಿಗೆ ಬೀಗ. ನನ್ನ ಹತ್ತಿರ ಇನ್ನು ಯಾವ ಉಪಾಯವೂ ಇಲ್ಲ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಜುಲೈ ಆದಮೇಲೆ ಈ ಕಡೆ ಯಾರೇ ಬಿದ್ದರೂ, ಆ ಹೆಸರು ನನ್ನ ಪೆನ್ಸಿಲಿನ ಒಂದು ಗೀಟಿನ ಕೆಳಗೆ ಇದೆ ಅನ್ನಿಸುತ್ತದೆ. ಮಂಗಳವಾರ ನನಗೂ ಎಲ್ಲರ ಹಾಗೆ ಮಾತಿಗೆ ಮೂರೇ ನಿಮಿಷ. ಮೂರು ನಿಮಿಷದಲ್ಲಿ ಇದನ್ನು ಹೇಳುವುದಕ್ಕೆ ನನಗೆ ಬರುವುದಿಲ್ಲ. ಅದಕ್ಕೇ ಇವತ್ತು, ಇಲ್ಲಿ, ರಾಯ್ ಅವರ ಚಿತ್ರದ ಮುಂದೆ ನಿಂತು ಕೈಮುಗಿದು ಕೇಳುತ್ತಿದ್ದೇನೆ. ಕಡಿಯಲೇಬೇಕಾದರೆ ನನ್ನ ಹುದ್ದೆ ಕಡಿಯಿರಿ. ಅದರಿಂದ ಆಂಬುಲೆನ್ಸಿನ ಖರ್ಚಿನ ಮೂರನೇ ಒಂದು ಭಾಗ ಸಿಗುತ್ತದೆ. ಉಳಿದದ್ದನ್ನು ಎಲ್ಲಿಂದ ತರುವುದು ಅಂತ ಕೂತು ನೋಡೋಣ. ನಾನು ಸಂಬಳ ಇಲ್ಲದೆಯೂ ಬಂದು ಕೂರುತ್ತೇನೆ.

ಇಷ್ಟೇ ನನ್ನ ಮಾತು.

ಪದ್ಧತಿಯಂತೆ ಈಗ ಒಂದು ನಿಮಿಷ ಮೌನ ಆಚರಿಸಬೇಕು. ಬೆವ್ ಒಂದು ನಿಮಿಷ ಬೇಡ ಅಂದಿದ್ದಾರೆ. ಈ ಸಭೆಯನ್ನು ಚರ್ಚಿನಲ್ಲಿ ಇಡದೆ ಈ ಹಾಲಿನಲ್ಲಿ ಇಟ್ಟಿದ್ದೂ, ಎರಡೂವರೆಗೆ ಶುರು ಮಾಡಿಸಿದ್ದೂ ಅವರೇ. ಈಗ ಮೂರಕ್ಕೆ ಒಂದು ನಿಮಿಷ ಇದೆ. ಮೂರರ ಅದಿರು ರೈಲು —

ಕೇಳಿಸಿತೇ? ಕೂಗುತ್ತಿದೆ. ಗೇಟಿನ ಗಂಟೆಯೂ ಶುರುವಾಯಿತು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಕೂರಲೇಬೇಕಾದ ಹಿರಿಯರು ಕೂತಿರಿ. ಗ್ಲೆನ್, ನಿಮ್ಮ ತಾಯಿ ಈ ಕಡೆಯೇ ಇದ್ದಾರೆ, ಹಾಲಿನಿಂದ ಮೂರನೇ ಮನೆ. ನೀವೂ ನಿಲ್ಲಿ. ಇದು ರಾಯ್ ಅವರ ಸ್ಟಾಪ್‌ವಾಚ್. ಬೆವ್, ಹಿಡಿದುಕೊಳ್ಳಿ. ಯಾರೂ ಮಾತಾಡಬೇಡಿ, ಯಾರೂ ಹೊರಗೆ ಹೋಗಬೇಡಿ. ಆ ಕಡೆ ಒಂದು ಆಂಬುಲೆನ್ಸ್ ನಿಂತಿದೆ, ಈ ಕಡೆ ನಿಮ್ಮವರೊಬ್ಬರು ಬಿದ್ದಿದ್ದಾರೆ ಅಂದುಕೊಳ್ಳಿ. ಕೊನೆಯ ಡಬ್ಬಿ ದಾಟುವವರೆಗೆ ನಿಂತಿರೋಣ.