ಕಣ್ಣು ಮುಚ್ಚಿ ದಾಟಿದ ಹೊಳೆ

ಹಡಗಲಿ ಬಸ್ ನಿಲ್ದಾಣದಲ್ಲಿ ಹೊಳಲಿನ ಬಸ್ಸಿಗೆ ಕಾಯುತ್ತಿದ್ದ ರೋಜಾಳ ಪಕ್ಕದಲ್ಲಿ ವಯಸ್ಸಾದ ಗಂಡಹೆಂಡತಿ ಬಂದು ಕೂತರು. ಗಂಡನ ಅಂಗಿಯ ತುಂಬ ರಾಳದ ಕಲೆ. ಹೆಂಡತಿಯೇ ಗಂಡನೊಡನೆ ಮಾತು ತೆಗೆದಳು.

“ಬಸ್ ಓಡಿಸಿ ರಿಟೈರ್ ಆದೋರು ಯಾರರ ಪುಗಸಟ್ಟೆ ದೋಣಿ ರಿಪೇರಿ ಮಾಡ್ತಾರೇನ್ರಿ?”

“ನಾವು ಐದಾರು ಮಂದಿ ಮಾಡ್ತೀವಿ ನೋಡು. ಸೇತುವೆ ಆದಾಗಿಂದ ಪಾಪ, ನಮ್ಮೂರ ದೋಣಿ ಹೊಳಿ ದಂಡಿ ಮ್ಯಾಲೆ ಬೋರಲು ಬಿದ್ದಿತ್ತು.”

“ರಿಪೇರಿ ಮಾಡಿ ಹೊಳ್ಯಾಗ ಮುಳುಗಿಸೀರಂತಲ್ಲ! ಮಾಗಳದಾಗ ಎಲ್ಲಾರೂ ನಗಾಕತ್ಯಾರ.”

“ನಾವೇ ಕಲ್ಲು ಹೇರಿ ಮುಳುಗಿಸೀವಿ, ಪಕ್ಕೀರಿ. ಒಣಗಿದ ಹಲಿಗಿ ನೀರು ಕುಡಿದು ಉಬ್ಬಿದ್ರ ಸಂದಿ ಮುಚ್ಚತಾವು. ಇವತ್ತು ಎತ್ತಿ ಆ ದಂಡಿಗೆ ಒಯ್ತೀವಿ. ನೀನೂ ಕುಂದರ್ತಿಯಿಲ್ಲ?”

“ನನಗ ಈಜು ಬರಂಗಿಲ್ಲ.”

“ಮದಿವ್ಯಾಗ ಅದರಾಗೇ ಬಂದಿದ್ದಿ. ಆಗ ಬರ್ತಿತ್ತೇನು?”

ಪಕ್ಕೀರಮ್ಮ ನಗಲಿಲ್ಲ. “ಆಗ ಅಂಜಿ ಕಣ್ಣು ಮುಚ್ಕೊಂಡಿದ್ದೆ. ಈ ದಂಡಿ ಮುಟ್ಟೋ ಮಟ ತೆಗಿಲೇ ಇಲ್ಲ. ಹೊಳಿ ಹೆಂಗಿತ್ರಿ ಅವತ್ತು?”

“ನನಗೇನು ಗೊತ್ತು? ನಾನು ನಿನ್ನೇ ನೋಡ್ಕೋತ ಕುಂತಿದ್ದೆ.”

ಮಾಗಳದ ಬಸ್ ಬಂತು. ಪಕ್ಕೀರಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲು ಎದ್ದಳು.

“ನಡೀರಿ ಮತ್ತ. ಇವತ್ತರ ಇಬ್ರೂ ಹೊಳಿ ನೋಡೂಣು.”